ನದಿ ಗುಡ್ಡ ಹತ್ತಿದ ಮ್ಯಾಪ್

ನಾನು ಮೊದಲು ಬರೆದ ಮ್ಯಾಪಿನಲ್ಲಿ ಒಂದು ನದಿ ಗುಡ್ಡ ಹತ್ತಿತ್ತು. ಬರೆದ ನನಗೇ ಅದು ಕಂಡಿರಲಿಲ್ಲ.

ಭಾನುವಾರ ಸಂಜೆ ನಾಲ್ಕು ಜನ ಗೆಳೆಯರು ನಮ್ಮ ಮನೆಗೆ ಬರುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬ ಲೋಕವನ್ನು ಕಟ್ಟಿ ಬಣ್ಣಿಸುತ್ತಾನೆ, ಉಳಿದವರು ಪಾತ್ರಗಳಾಗಿ ಅದರಲ್ಲಿ ಅಲೆಯುತ್ತಾರೆ, ಏನಾಗುತ್ತದೋ ಗೊತ್ತಿಲ್ಲದಾಗ ದಾಳ ಹಾಕುತ್ತಾರೆ. ಆಟ ನಡೆಸುವವನು ನಾನು. ಅವರಲ್ಲೊಬ್ಬ ಸಿವಿಲ್ ಇಂಜಿನಿಯರ್. ಮೂರು ವಾರ ಕೂತು ಬಣ್ಣ ಹಚ್ಚಿದ ಮ್ಯಾಪನ್ನು ಮೇಜಿನ ಮೇಲೆ ಹರಡಿ ಎರಡು ನಿಮಿಷ ಆಗಿರಲಿಲ್ಲ, ಅವನು ಬೆರಳಿಟ್ಟ. "ಲೋ, ಈ ಹೊಳೆ ಬಯಲಲ್ಲಿ ಹುಟ್ಟಿ, ಬೆಟ್ಟ ಹತ್ತಿ ಇಳಿದು ಸಮುದ್ರಕ್ಕೆ ಹೋಗ್ತಾ ಇದೆ ಕಣೋ. ಮಧ್ಯೆ ಪಂಪ್ ಸೆಟ್ ಇಟ್ಟಿದ್ದಾರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೋಡಿದರೆ ತಪ್ಪು ಅದೊಂದೇ ಅಲ್ಲ. ಇನ್ನೊಂದು ನದಿ ನಡುದಾರಿಯಲ್ಲಿ ಸುಮ್ನೆ ಎರಡಾಗಿ ಒಡೆದು ಎರಡು ದಿಕ್ಕಿಗೆ ಹೋಗಿತ್ತು. ದಟ್ಟ ಕಾಡಿನ ಪಕ್ಕದಲ್ಲೇ ಮರುಭೂಮಿ ಇತ್ತು, ಯಾಕೆಂದರೆ ಕಾಗದದಲ್ಲಿ ಅಲ್ಲಿ ಜಾಗ ಉಳಿದಿತ್ತು!

ಡ್ರ್ಯಾಗನ್ ಹಾರುವ ಲೋಕದಲ್ಲಿ ನದಿ ಹೇಗೆ ಹರಿದರೇನು ಅಂತ ಕೇಳಬಹುದು. ನಾನೂ ಹಾಗೇ ವಾದ ಮಾಡಿದೆ. ಆದರೆ ಕಾಡುಮೇಡು ಅಲೆಯುವ ಆಟದಲ್ಲಿ ಮಜಾ ಇರುವುದೇ ಊಹೆ ಮಾಡುವುದರಲ್ಲಿ. ಈ ಹಳ್ಳ ಹಿಡಿದು ಇಳಿದರೆ ದೊಡ್ಡ ಹೊಳೆ ಸಿಗುತ್ತದೆ, ಹೊಳೆ ಪಕ್ಕ ಊರು ಇದ್ದೇ ಇರುತ್ತದೆ ಅಂತ ಆಟಗಾರರು ತಾವೇ ಲೆಕ್ಕ ಹಾಕಬೇಕು. ನದಿ ಮನಸ್ಸಿಗೆ ಬಂದ ಹಾಗೆ ಹರಿದರೆ ಅವರು ಪ್ರತಿ ಹೆಜ್ಜೆಗೂ ನನ್ನ ಮುಖ ನೋಡಬೇಕಾಗುತ್ತದೆ, ಅಷ್ಟೇ.

ಎರಡನೇ ಸಲ ಬಣ್ಣದ ಪೆನ್ಸಿಲ್ ಮುಟ್ಟಲಿಲ್ಲ. ಮೊದಲು ಅಳತೆ. ಹಳೆಯ ಮ್ಯಾಪಿನಲ್ಲಿ ಇಡೀ ಖಂಡವನ್ನೇ ಬರೆದಿದ್ದೆ. ಒಂದು ವರ್ಷ ಆಡಿದರೂ ಅದರ ಒಂದು ಮೂಲೆ ದಾಟುತ್ತಿರಲಿಲ್ಲ. ಈ ಸಲ ಮ್ಯಾಪನ್ನು ಹೆಕ್ಸ್, ಅಂದರೆ ಆರು ಮೂಲೆಯ ಮನೆಗಳಾಗಿ ಭಾಗ ಮಾಡಿದೆ. ಒಂದು ಹೆಕ್ಸಿನ ಅಗಲ 6 ಮೈಲಿ, ಹತ್ತಿರ ಹತ್ತಿರ 10 ಕಿ.ಮೀ. ಅಗಲಕ್ಕೆ 30 ಹೆಕ್ಸ್, ಉದ್ದಕ್ಕೆ 20. ನಮ್ಮ ಆಟದ ನಿಯಮದಲ್ಲಿ ಸಾಧಾರಣ ನಡಿಗೆಗೆ ದಿನಕ್ಕೆ 24 ಮೈಲಿ, ಅಂದರೆ 4 ಹೆಕ್ಸ್. ದಾರಿ ಇಲ್ಲದ ಕಾಡು, ಗುಡ್ಡ ಆದರೆ ಅರ್ಧ, 2 ಹೆಕ್ಸ್. ಹೀಗಾಗಿ ಮ್ಯಾಪಿನ ಈ ತುದಿಯಿಂದ ಆ ತುದಿಗೆ ಬಯಲಲ್ಲಿ ಎಂಟು ದಿನ, ಕಾಡಲ್ಲಿ ಹದಿನೈದು. ಸಾಕಷ್ಟು ದೊಡ್ಡದಾಯಿತು ಅಲ್ವಾ?

ಆಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಒಂದೇ ಒಂದು ಬಾಣ ಹಾಕಿದೆ. ಇಡೀ ಮ್ಯಾಪಿನಲ್ಲಿ ನನಗೆ ಅತಿ ಹೆಚ್ಚು ಕೆಲಸ ಮಾಡಿಕೊಟ್ಟ ಗೆರೆ ಅದೇ. ಇದಕ್ಕೆ ನಾನು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ, ನಮ್ಮ ಪಶ್ಚಿಮ ಘಟ್ಟವೇ ಇತ್ತಲ್ಲ. ಸಮುದ್ರದಿಂದ ಬಂದ ಹಸಿ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆ ಸುರಿಸುತ್ತದೆ. ಆಚೆ ಇಳಿಯುವ ಹೊತ್ತಿಗೆ ಅದರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ಚಳ್ಳಕೆರೆಗೆ 500ರ ಆಸುಪಾಸು. ಎರಡರ ಮಧ್ಯೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಇಲ್ಲ, ನನ್ನ ಅಳತೆಯಲ್ಲಿ 20 ಹೆಕ್ಸ್! ಅಂದರೆ ಮಳೆಕಾಡು, ಕುರುಚಲು ಕಾಡು ಎರಡೂ ಒಂದೇ ಮ್ಯಾಪಿನಲ್ಲಿ ಇರಬಹುದು. ನಡುವೆ ಗೋಡೆಯ ಹಾಗೆ ಗುಡ್ಡ ಇರಬೇಕು, ಆಮೇಲೆ ಹಂತ ಹಂತವಾಗಿ ಒಣಗುತ್ತಾ ಹೋಗಬೇಕು. ನಮ್ಮಲ್ಲಿ ಅರೆಮಲೆನಾಡು ಅನ್ನುವ ಪದ ಸುಮ್ನೆ ಹುಟ್ಟಿಲ್ಲ.

ಮರುಭೂಮಿ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ, ಮರಳಲ್ಲಿ ಹೂತ ಊರು ಬೇಕೇ ಬೇಕಿತ್ತು. ತಲಕಾಡು ನೆನಪಾಯಿತು. ಕಾವೇರಿ ಪಕ್ಕದಲ್ಲೇ ಹರಿಯುತ್ತಾಳೆ, ದೇವಸ್ಥಾನಗಳು ಮರಳಲ್ಲಿ ಹೂತಿವೆ. ಹಾಗಾಗಿ ನನ್ನ ಮರುಭೂಮಿ ಎರಡು ಹೆಕ್ಸಿಗೆ ಇಳಿಯಿತು, ನದಿಯ ತಿರುವಿನ ದಂಡೆಗೆ ಹೋಗಿ ಕೂತಿತು. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ.

ನದಿಗಳ ವಿಷಯ ಹೇಳಲೇಬೇಕು. ನಾನು ಟ್ರೇಸಿಂಗ್ ಪೇಪರ್ ಇಟ್ಟು ಮೊದಲು ಗುಡ್ಡದ ನೆತ್ತಿಯ ಗೆರೆ ಮಾತ್ರ ಎಳೆದೆ. ಗೆರೆಯ ಎರಡೂ ಪಕ್ಕಕ್ಕೆ ಸಣ್ಣ ಸಣ್ಣ ಹಳ್ಳ ಬಿಟ್ಟೆ, ಅವು ಇಳಿಯುತ್ತಾ ಒಂದಕ್ಕೊಂದು ಸೇರಿಕೊಂಡು ಹೊಳೆ ಆದವು, ಹೊಳೆಗಳು ಸೇರಿ ನದಿ. ಕೆಳಗೆ ಹೋದಂತೆ ನದಿ ಕೂಡಿಕೊಳ್ಳುತ್ತದೆ, ಒಡೆಯುವುದು ಅಪರೂಪ. ಸಮುದ್ರದ ಹತ್ತಿರ ಕವಲಾಗುತ್ತದೆ. ಇಲ್ಲವೇ ಶ್ರೀರಂಗಪಟ್ಟಣದ ಹಾಗೆ ನಡುಗಡ್ಡೆ ಸುತ್ತಿ ಮತ್ತೆ ಒಂದಾಗುತ್ತದೆ. ಕೋಟೆ ಕಟ್ಟಬೇಕಾದರೆ ಆ ಜಾಗಕ್ಕಿಂತ ಒಳ್ಳೆಯದು ಬೇಕಾ?

ನೆತ್ತಿಯ ಗೆರೆ ಮುಖ್ಯ ಯಾಕೆ ಅಂದರೆ, ಗಂಗಾಮೂಲ ನೋಡಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆ ಅನ್ನುತ್ತಾರೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಲ್ಲಿ ಸಮುದ್ರ ಸೇರುತ್ತಾಳೆ. ತುಂಗಾ, ಭದ್ರಾ ಬೇರೆ ಬೇರೆ ದಾರಿಯಲ್ಲಿ ಹೋಗಿ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ, ಆಮೇಲೆ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನನ್ನ ಮ್ಯಾಪಿನಲ್ಲೂ ಅಂಥ ಒಂದು ಗುಡ್ಡ ಇಟ್ಟೆ. ಕಳ್ಳರು ಅದರ ಮೇಲಿದ್ದಾರೆ. ಯಾವ ಹಳ್ಳ ಹಿಡಿದು ಇಳಿಯುತ್ತಾರೆ ಅನ್ನುವುದರ ಮೇಲೆ ಎರಡು ಬೇರೆ ಬೇರೆ ರಾಜ್ಯಕ್ಕೆ ಹೋಗುತ್ತಾರೆ. ಕಥೆ ಅಂತ ನಾನು ಬೇರೆ ಏನೂ ಬರೆದಿಲ್ಲ.

ಹೆಸರುಗಳೂ ನೀರಿನ ಜೊತೆಗೇ ಬಂದವು. ಮಳೆಯ ಕಡೆ ಮಂಜಿನಕೊಪ್ಪ, ಕಾನುಮನೆ, ಒಣಗಿದ ಕಡೆ ಬೂದಿಕೆರೆ, ಮೂರುಕಟ್ಟೆ. ಬಯಲಲ್ಲಿ ಊರು ಇರಬೇಕಾದರೆ ಕೆರೆ ಇರಬೇಕು, ಹೆಸರೇ ಅದನ್ನು ಹೇಳಿಬಿಡುತ್ತದೆ.

ಇದೆಲ್ಲ ಸಾರ್ಥಕ ಅನ್ನಿಸಿದ್ದು ಮೂರನೇ ವಾರದ ಆಟದಲ್ಲಿ. ಆಟಗಾರರು ಮಂಜಿನಲ್ಲಿ ದಾರಿ ತಪ್ಪಿದ್ದರು. ದಿಕ್ಕು ಹೇಳುವಂತಿಲ್ಲ, ಹಾಗಾಗಿ ಕಂಡದ್ದನ್ನಷ್ಟೇ ಹೇಳುತ್ತಾ ಹೋದೆ. "ನಿನ್ನೆಯಿಂದ ಕಾಲಿಗೆ ಉಂಬಳ (ಮಳೆಕಾಡಿನ ಜಿಗಣೆ) ಹತ್ತಿಲ್ಲ. ಮರದ ಮೇಲಿನ ಪಾಚಿ ಕಮ್ಮಿಯಾಗಿದೆ. ಕಾಲಡಿ ಹುಲ್ಲು ಚರಚರ ಅನ್ನುತ್ತಿದೆ." ಸಾಗರದ ಕಡೆಯವಳೊಬ್ಬಳು ಇದ್ದಾಳೆ, ಅವಳು ಚುರುಮುರಿ ತಿನ್ನುವುದನ್ನು ನಿಲ್ಲಿಸಿದಳು. "ಉಂಬಳ ಇಲ್ವಾ? ಹಾಗಾದ್ರೆ ನೆತ್ತಿ ದಾಟಿದ್ದೀವಿ ಕಣ್ರೋ. ಇನ್ನು ಸಿಗೋ ಹಳ್ಳ ಎಲ್ಲಾ ಬಯಲಿಗೇ ಹೋಗೋದು. ವಾಪಸ್ ನಡೀರಿ." ದಾಳ ಮುಟ್ಟಲೇ ಇಲ್ಲ. ನಾನು ಮೀಸೆಯಡಿ ನಕ್ಕು ಸುಮ್ಮನಿದ್ದೆ.

ಈಗ ಅವರಿಗೆ ಮ್ಯಾಪ್ ಓದುವ ಚಟ ಹತ್ತಿದೆ. ಇಂಜಿನಿಯರ್ ಮಹಾಶಯ ಮೊನ್ನೆ ಕರಿಹೊಳೆಯ ಇಕ್ಕಟ್ಟಾದ ಕಣಿವೆಗೆ ಬೆರಳಿಟ್ಟು ಇಲ್ಲೊಂದು ಕಟ್ಟೆ ಕಟ್ಟೋಣ, ಬೂದಿಕೆರೆಗೆ ವರ್ಷವಿಡೀ ನೀರು ಕೊಡೋಣ ಅಂದ. ಮಾಂತ್ರಿಕ ಇದ್ದಾನೆ, ಕಲ್ಲು ಎತ್ತಲು ರಾಕ್ಷಸನನ್ನು ಒಪ್ಪಿಸಿದ್ದಾರೆ, ಕೆಲಸ ಆಗಿಯೇ ಬಿಡುತ್ತದೆ. ಮನೆಯಲ್ಲಿ ಕೂತು ಮ್ಯಾಪಿನಲ್ಲಿ ನೀರು ನಿಲ್ಲುವ ಜಾಗಕ್ಕೆ ಪೆನ್ಸಿಲ್ಲಿನಿಂದ ನೆರಳು ಹಾಕಿ ನೋಡಿದೆ. ಕಟ್ಟೆ ಎದ್ದರೆ ಹಿನ್ನೀರು ಮೇಲಿನ ಮೂರು ಹೆಕ್ಸ್ ತುಂಬುತ್ತದೆ, ಅದರಲ್ಲೊಂದು ಮಂಜಿನಕೊಪ್ಪ, ಅವರೇ ದುಡ್ಡು ಹಾಕಿ ಮನೆ ಕೊಂಡ ಊರು. ಸಾಗರದವಳು ಮಾತ್ರ ಅವತ್ತು ಏನೂ ಅನ್ನದೆ ಮ್ಯಾಪನ್ನೇ ನೋಡುತ್ತಾ ಕೂತಿದ್ದಳು. ಲಿಂಗನಮಕ್ಕಿ ಹಿನ್ನೀರಿನ ಕಡೆಯವಳು, ಅವಳಿಗೆ ಆಗಲೇ ಗೊತ್ತಾಗಿರಬೇಕು.