ಟವಲ್ ಎತ್ತಿದರೆ ಗಟ್ಟಿಮೇಳ: ಮದುವೆ ವಾಲಗ ಹೊಂದಿಸಿದ ನನ್ನ ಅನುಭವ

"ವಾಲಗದವರಿಗೆ ಯಾರಾದರೂ ಚೀಟಿ ಕೊಡ್ತಾರೇನಯ್ಯಾ?" ಅಂತ ನಕ್ಕವರೇ ಈಗ, ಯಾವ ಶಾಸ್ತ್ರಕ್ಕೆ ಯಾವ ರಾಗ ಅಂತ ನಾನು ಬರೆದುಕೊಡುವ ಆ ಚೀಟಿಯ ಫೋಟೊ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಛತ್ರದಲ್ಲಿ ಓಡಾಡಿದವರಿಗೆ ನಾದಸ್ವರ, ಡೋಲಿನ ಪರಿಚಯ ಬೇಕಿಲ್ಲ.

ತಲೆನೋವು ಎಲ್ಲರದೂ ಒಂದೇ. ಅಂತರಪಟ ಸರಿದು ಜೀರಿಗೆ-ಬೆಲ್ಲ ಬೀಳುವಾಗ, ಮಾಂಗಲ್ಯ ಕಟ್ಟುವಾಗ ಗಟ್ಟಿಮೇಳ ಮೊಳಗಬೇಕು, ಮಂತ್ರ ನಡೆಯುವಾಗ ವಾಲಗ ತಗ್ಗಬೇಕು. ಮೊದಮೊದಲು ಗಡಿಯಾರ ನೋಡಿ ಪಟ್ಟಿ ಮಾಡುತ್ತಿದ್ದೆ, 9.40ಕ್ಕೆ ಇದು, 10.05ಕ್ಕೆ ಅದು ಅಂತ. ಮೇಕಪ್‌ನವರೂ ಫೋಟೊದವರೂ ಸೇರಿ ಅದನ್ನು ಅರ್ಧ ಗಂಟೆಯಲ್ಲಿ ಹಾಳುಮಾಡುತ್ತಿದ್ದರು. ಆಮೇಲೆ ವಾಟ್ಸಾಪ್ ಗುಂಪು ಮಾಡಿದೆ. ಎರಡೂ ಕೈಯಲ್ಲಿ ವಾದ್ಯ ಹಿಡಿದವರು ಫೋನನ್ನು ಯಾವ ಕೈಯಲ್ಲಿ ತೆಗೆಯಬೇಕು? ಒಂದು ಕಡೆ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗಿದ್ದು ಮೂಲೆಯಲ್ಲಿ ಕೂತವರಿಗೆ ಕೇಳಲೇ ಇಲ್ಲ, ಮೂರು ಗಂಟೂ ಬಿದ್ದ ಮೇಲೆ ಡೋಲು ಶುರುವಾಯಿತು. ಹೆಣ್ಣಿನ ತಂದೆ ಬಾಕಿಯಲ್ಲಿ ಐದು ಸಾವಿರ ಹಿಡಿದುಕೊಂಡರು. ಅಷ್ಟೂ ನನ್ನ ಜೇಬಿನದೇ.

ಸನ್ನೆಯನ್ನು ನಾದಸ್ವರದವರಿಗೆ ಕೊಡಬಾರದು, ಡೋಲಿನವರಿಗೆ ಕೊಡಬೇಕು. ನನ್ನ ವಿದ್ಯೆ ಇಷ್ಟೇ. ಊದುವವರು ಉಸಿರು ಹಿಡಿದು, ಒಂದೇ ಸಾಲನ್ನು ಬಗೆಬಗೆಯಾಗಿ ನುಡಿಸುವ ಸಂಗತಿಯ ನಡುವೆ ಇರುತ್ತಾರೆ, ಕಣ್ಣು ಅರ್ಧ ಮುಚ್ಚಿರುತ್ತೆ. ಡೋಲಿನವರ ಕಣ್ಣು ಮಂಟಪವನ್ನೆಲ್ಲ ಸುತ್ತುತ್ತಿರುತ್ತೆ. ಗಟ್ಟಿಮೇಳ ಹೊರಡುವುದೂ ಅವರ ಕೈಯಿಂದಲೇ ತಾನೆ? ಮಂಟಪದ ಕಂಬದ ಪಕ್ಕ, ಡೋಲಿನವರಿಗೆ ನೇರ ಕಾಣುವಂತೆ, ನಮ್ಮ ಹುಡುಗನನ್ನು ನಿಲ್ಲಿಸುತ್ತೇನೆ. ಹೆಗಲ ಮೇಲೆ ಕೆಂಪು ಟವಲ್. ಕೈಗೆ ತೆಗೆದುಕೊಂಡರೆ ಸಿದ್ಧರಾಗಿ, ಮೇಲೆತ್ತಿದರೆ ಗಟ್ಟಿಮೇಳ, ಮತ್ತೆ ಹೆಗಲೇರಿದರೆ ಇಳಿಸಿ. ಪುರೋಹಿತರ ಯಾವ ಮಾತಿಗೆ ಟವಲ್ ಕೈಗೆ ಬರುತ್ತೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಹೊಟ್ಟೆಪಾಡು ಸ್ವಾಮಿ.

ಚೀಟಿಯಲ್ಲಿ ಗಂಟೆ ಇಲ್ಲ, ಹಾಡೂ ಇಲ್ಲ. ಶಾಸ್ತ್ರದ ಹೆಸರು, ಎದುರಿಗೊಂದು ರಾಗ. ಕಾಶಿಯಾತ್ರೆಗೆ ಮೋಹನ, ಧಾರೆಗೆ ಕಲ್ಯಾಣಿ, ಮುಗಿಸುವಾಗ ಮಧ್ಯಮಾವತಿ. ಕೀರ್ತನೆ ಅವರಿಷ್ಟ. ರಾಗವನ್ನು ಎಷ್ಟು ಬೇಕಾದರೂ ಎಳೆಯಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇದನ್ನು ಕಂಡ ಮೇಲೆ ಹಿರಿಯ ವಿದ್ವಾಂಸರೂ ಗೊಣಗುವುದು ಬಿಟ್ಟರು.

ನಾದಸ್ವರಕ್ಕೆ ಮೈಕ್ ಬೇಡ. ಸೌಂಡ್‌ನವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ದುಡ್ಡಿನ ಮಾತು. ಎರಡು ನಾದಸ್ವರ, ಎರಡು ಡೋಲು, ಶ್ರುತಿ ಹಿಡಿಯುವವರೊಬ್ಬರು ಸೇರಿ ಐದು ಜನರ ಮೇಳಕ್ಕೆ ನಾನು ಕೊಡುವುದು ಹತ್ತಿರ ಹತ್ತಿರ 30,000, ಓಡಾಟ ಬೇರೆ. ವೈಶಾಖದ ಲಗ್ನಗಳಲ್ಲಿ ಅದೇ ಮೇಳ 45 ಅಂದರೂ ಅನ್ನಬಹುದು. ಹಾಗಾಗಿ ಮದುವೆಗಳಿಲ್ಲದ ಆಷಾಢದಲ್ಲೇ ಅವರ ಮನೆಗೆ ಹೋಗಿ ಮುಂಗಡ ಕೊಟ್ಟು ಬರುತ್ತೇನೆ. ಬಾಕಿಯನ್ನು ಲಾಜಹೋಮ ನಡೆಯುವಾಗಲೇ ಕೊಡಿಸಿಬಿಡಿ. ಊಟದ ಮೇಲೆ ದುಡ್ಡಿನ ಕವರು ಯಾವ ಚಿಕ್ಕಪ್ಪನ ಜೇಬಿನಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ಬೆಳಗಿನ ಮೊದಲ ಇಡ್ಲಿ ತಟ್ಟೆಯೂ ವಾಲಗದವರಿಗೇ ಹೋಗಲಿ. ಖಾಲಿ ಹೊಟ್ಟೆಯಲ್ಲಿ ಊದಿಸಿದರೆ ಮುಹೂರ್ತಕ್ಕೆ ಉಸಿರು ಉಳಿಯುವುದಿಲ್ಲ.

ನಡುವೆ ಒಂದಷ್ಟು ಪ್ರಯೋಗವೂ ಆಯಿತು. ಕದ್ರಿ ಗೋಪಾಲನಾಥರ ಪುಣ್ಯದಿಂದ ಸ್ಯಾಕ್ಸೊಫೋನ್ ನಮ್ಮ ಜನಕ್ಕೆ ಹೊಸದಲ್ಲವಲ್ಲ, ನಾದಸ್ವರದ ಜೊತೆ ಕೂರಿಸಿ ನೋಡಿದೆ. ಸೀವಾಳಿ, ಅಂದರೆ ತುದಿಯ ಊದುವ ನಾಲಿಗೆ, ಬದಲಾಯಿಸಿ ನಾದಸ್ವರದವರು ಸಾಕಾದರು, ಮೌತ್‌ಪೀಸ್ ಎಳೆದು ಒತ್ತಿ ಸ್ಯಾಕ್ಸೊಫೋನ್‌ನವರು ಸಾಕಾದರು. ಶ್ರುತಿ ಕೂಡಲೇ ಇಲ್ಲ. ಈಗ ದಿಬ್ಬಣ ಎದುರುಗೊಳ್ಳಲು ಬಾಗಿಲಲ್ಲಿ ಸ್ಯಾಕ್ಸೊಫೋನ್, ಮಂಟಪಕ್ಕೆ ನಾದಸ್ವರ. ಊಟದ ಹಾಲ್‌ನಲ್ಲಿ ಪಿಟೀಲೂ ಇಡಿಸಿದ್ದೆ, "ಸಾರು, ಸಾರು" ಗದ್ದಲದಲ್ಲಿ ಮುಳುಗಿಹೋಯಿತು. ಅದನ್ನೇ ಆರತಕ್ಷತೆಯ ಸಾಲಿನ ಪಕ್ಕ ಕೂರಿಸಿದಾಗ, ಉಡುಗೊರೆ ಹಿಡಿದು ನಿಂತವರು ಸಾಲು ಮುಂದೆ ಹೋದದ್ದನ್ನೂ ಮರೆತು ಕೇಳಿದರು.

ಬಗೆಹರಿಯದ್ದು ಒಂದು ಉಳಿದಿದೆ. ಮೇಲೊಂದು ಕೆಳಗೊಂದು ಹಾಲ್ ಇರುವ ಛತ್ರದಲ್ಲಿ ಒಂದೇ ಲಗ್ನಕ್ಕೆ ಎರಡು ಮದುವೆ ಬಿದ್ದರೆ, ಮೇಲಿನ ಗಟ್ಟಿಮೇಳಕ್ಕೆ ಕೆಳಗಿನವರು ಅಕ್ಷತೆ ಎಸೆದುಬಿಡುತ್ತಾರೆ. ಬರುವ ಮಾಘದಲ್ಲಿ ಅಂಥದ್ದೊಂದು ಒಪ್ಪಿಕೊಂಡಿದ್ದೇನೆ. ಕೆಳಗಿನ ಮೇಳದವರು ಪರಿಚಯದವರೇ, ಅವರ ಪುರೋಹಿತರು ಯಾರು ಅಂತ ಇನ್ನೂ ತಿಳಿದಿಲ್ಲ.