ನನ್ನ ಕೋಪದ ಲೆಕ್ಕದ ಪುಸ್ತಕ

ನನಗೆ ಕೋಪವೇ ಬರುವುದಿಲ್ಲ ಅಂತ ನಮ್ಮ ಬೀದಿಯಲ್ಲೆಲ್ಲ ಹೆಸರು. ಚಿಕ್ಕದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಇಂಥವು. ಪ್ರೂಫ್ ನೋಡಿ ಸೈನ್ ಹಾಕಿದ ಗಿರಾಕಿಯೇ ಅಚ್ಚಾದ ಮೇಲೆ ಬಂದು ‘ಮುಹೂರ್ತದ ಟೈಮೇ ತಪ್ಪಾಗಿದೆಯಲ್ರೀ’ ಅಂತ ಎಗರಾಡಿದರೂ, ‘ಹೋಗ್ಲಿ ಬಿಡಿ ಸಾರ್, ಇನ್ನೊಂದ್ಸಲ ಹಾಕ್ಕೊಡ್ತೀನಿ’ ಅನ್ನುತ್ತಿದ್ದೆ. ಕಾಗದ ನನ್ನದು, ಪ್ಲೇಟ್ ನನ್ನದು, ನಷ್ಟವೂ ನನ್ನದೇ. ರಾತ್ರಿ ಮನೆಗೆ ಹೋಗಿ, ಸಾರಿಗೆ ಉಪ್ಪು ಜಾಸ್ತಿ ಅಂತ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದೆ. ಆಮೇಲೆ ಮೂರು ದಿನ ಮಾತಿಲ್ಲ. ಪಾಪ, ನನ್ನ ಹೆಂಡತಿಗೆ ಆ ಗಿರಾಕಿ ಯಾರೆಂದೇ ಗೊತ್ತಿಲ್ಲ.

ಇದನ್ನು ನಾನು ತಾಳ್ಮೆ ಅಂದುಕೊಂಡಿದ್ದೆ.

ಮಗ ಕಾಲೇಜಿಗಾಗಿ ತಂದಿದ್ದ, ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಒಳ್ಳೆಯ ಗುಣನಡತೆಯ ಬಗ್ಗೆ ಬರೆದ ‘ನಿಕೊಮೇಕಿಯನ್ ಎಥಿಕ್ಸ್’ನ ಇಂಗ್ಲಿಷ್ ಅನುವಾದ ಪ್ರೆಸ್ಸಿನ ಮೇಜಿನ ಮೇಲೆ ಬಿದ್ದಿತ್ತು. ಕರೆಂಟ್ ಹೋದಾಗಲೆಲ್ಲ ಓದಿದೆ. 10 ಭಾಗಗಳಿವೆ. ಎಲ್ಲವೂ ತಲೆಗೆ ಹತ್ತಿತು ಅನ್ನಲಾರೆ. ಆದರೆ ನಾಲ್ಕನೆಯ ಭಾಗದಲ್ಲಿ ಕೋಪದ ಬಗ್ಗೆ ಕೆಲವೇ ಪುಟಗಳಿವೆ ನೋಡಿ, ಅಲ್ಲಿ ನಾನೇ ಕೂತಿದ್ದೆ. ಥಟ್ಟನೆ ಸಿಡಿದು ಥಟ್ಟನೆ ತಣ್ಣಗಾಗುವವರು ಪರವಾಗಿಲ್ಲ ಅನ್ನುತ್ತಾನೆ ಅವನು. ಇನ್ನೊಂದು ಜಾತಿಯವರಿದ್ದಾರೆ. ಗ್ರೀಕಿನಲ್ಲಿ ‘ಪಿಕ್ರೋಸ್’, ಅಂದರೆ ಕಹಿ. ಇವರು ಕೋಪವನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಹೊರಗೆ ಕಾಣದ್ದರಿಂದ ಯಾರೂ ಸಮಾಧಾನ ಮಾಡಲು ಬರುವುದಿಲ್ಲ. ಒಳಗೊಳಗೇ ಅರಗಿಸಿಕೊಳ್ಳಲು ಬಹಳ ಕಾಲ ಬೇಕು. ಅರಗಿಸಿಕೊಳ್ಳುವುದು ಅಂತಲೇ ಅವನೂ ಬರೆದಿರುವುದು! ಇಂಥವರಿಂದ ಜಾಸ್ತಿ ಕಷ್ಟ ಅವರಿಗೇ, ಆಮೇಲೆ ಅವರಿಗೆ ತೀರಾ ಹತ್ತಿರದವರಿಗೆ ಅಂತಾನೆ. ಉಪ್ಪಿನ ಸಾರು ನೆನಪಾಯಿತು.

ಅದೇ ಪುಟಗಳಲ್ಲಿ ಇನ್ನೊಂದು ಮಾತಿದೆ. ಕೋಪ ಬರಬೇಕಾದ ಕಡೆ ಬಾರದಿದ್ದರೆ ಅದೂ ಕೊರತೆಯೇ. ಎರಡನೆಯ ಭಾಗದಲ್ಲೂ ಹೇಳಿದ್ದಾನೆ: ಕೋಪ ಮಾಡಿಕೊಳ್ಳುವುದು ಯಾರಿಗಾದರೂ ಸುಲಭ. ಸರಿಯಾದವರ ಮೇಲೆ, ಸರಿಯಾದ ಕಾರಣಕ್ಕೆ, ಬೇಕಾದಷ್ಟೇ, ಬೇಕಾದ ಹೊತ್ತಿಗೆ ಮಾಡಿಕೊಳ್ಳುವುದೇ ಕಷ್ಟ.

ಓದಿದರೆ ಸಾಲದು ಅಂತ ಅವನೇ ಹೇಳಿದ್ದಾನೆ. ಮನೆ ಕಟ್ಟುತ್ತಾ ಕಟ್ಟುತ್ತಾ ಕಟ್ಟುವವನಾಗುತ್ತಾನೆ, ಗುಣವೂ ಹಾಗೇ ರೂಢಿಯಿಂದ ಬರುತ್ತದೆ. ಸುಮ್ನೆ ಕೇಳಿಸಿಕೊಂಡು ಹೋಗುವವನು, ವೈದ್ಯರು ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿ ಒಂದನ್ನೂ ಪಾಲಿಸದ ರೋಗಿಯ ಹಾಗೆ. ಅರಿಸ್ಟಾಟಲನ ಅಪ್ಪ ವೈದ್ಯ. ಮನೆಯಲ್ಲಿ ಅಂಥ ರೋಗಿಗಳ ಕತೆ ಎಷ್ಟು ಕೇಳಿದ್ದನೋ.

ಕಟಿಂಗ್ ಮಾಡಿ ಉಳಿದ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡೆ. ಕಾಲಂ ಹಾಕಿದೆ: ಯಾರ ಮೇಲೆ, ಯಾಕೆ, ಯಾರಿಗೆ ತೋರಿಸಿದೆ, ಎಷ್ಟು ದಿನ ಇತ್ತು. ಮೊದಲ ತಿಂಗಳು ‘ಯಾರ ಮೇಲೆ’ ಮತ್ತು ‘ಯಾರಿಗೆ ತೋರಿಸಿದೆ’ ಒಂದು ಸಲವೂ ತಾಳೆಯಾಗಲಿಲ್ಲ.

ಸೊಟ್ಟ ಮರವನ್ನು ನೆಟ್ಟಗೆ ಮಾಡಲು ಎದುರು ದಿಕ್ಕಿಗೆ ಬಗ್ಗಿಸಬೇಕು ಅನ್ನುತ್ತಾನೆ. ಅದಕ್ಕೇ ಒಂದು ನಿಯಮ ಮಾಡಿಕೊಂಡೆ: ಹೇಳಬೇಕಾದ್ದನ್ನು ಶಟರ್ ಎಳೆಯುವ ಮೊದಲೇ, ಹೇಳಬೇಕಾದವರಿಗೇ ಹೇಳುವುದು. ಮೊದಲ ಸಲ ಒಬ್ಬ ಗಿರಾಕಿಗೆ ‘ಪ್ರೂಫಿಗೆ ಸೈನ್ ಹಾಕಿದ್ದು ನೀವೇ ಅಲ್ವಾ ಸಾರ್?’ ಅಂದಾಗ ನನ್ನ ದನಿ ನಡುಗುತ್ತಿತ್ತು. ಅವರು ಗೊಣಗಿದರು. ಕೊನೆಗೆ ಕಾಗದದ ಖರ್ಚು ಕೊಟ್ಟರು.

ಬಗ್ಗಿಸಿದ್ದು ಜಾಸ್ತಿಯೂ ಆಯಿತು. ಕಾಗದದ ಬಂಡಲ್ ನೆನೆದಿದೆ ಅಂತ ತಂದುಕೊಟ್ಟ ಆಟೋದವನ ಮೇಲೆ ಕೂಗಾಡಿದೆ. ಹೊರಗೆ ಧೋ ಅಂತ ಮಳೆ, ಅವನ ಅಂಗಿಯೂ ತೊಯ್ದಿತ್ತು. ಮಾರನೇ ದಿನ ಟೀ ಕುಡಿಸಿ ತಪ್ಪಾಯ್ತಪ್ಪ ಅಂದೆ. ಎಷ್ಟು ಕೋಪ ಸರಿ ಅನ್ನುವುದಕ್ಕೆ ಅರಿಸ್ಟಾಟಲ್ ಅಳತೆ ಕೊಡುವುದಿಲ್ಲ. ಊಟಕ್ಕೆ 10 ಪಾಲು ಜಾಸ್ತಿ, 2 ಕಡಿಮೆ ಅಂದಮಾತ್ರಕ್ಕೆ ಎಲ್ಲರಿಗೂ 6 ಸರಿಯಾಗುವುದಿಲ್ಲ, ಜಟ್ಟಿ ಮೈಲೋಗೆ ಅದು ಸಾಲದು, ಹೊಸಬನಿಗೆ ಜಾಸ್ತಿ ಅಂತ ಹೇಳಿ ಬಿಟ್ಟುಬಿಡುತ್ತಾನೆ. ಲೆಕ್ಕ ಬರೆಯುವವನಿಗೆ ಇದು ಸ್ವಲ್ಪ ಸಿಟ್ಟು ಬರಿಸುವ ಉತ್ತರ.

ಒಂದು ಕಡೆ ಅವನ ಜೊತೆ ನನಗೆ ಜಗಳವಿದೆ. ತನಗೋ ತನ್ನವರಿಗೋ ಆದ ಅವಮಾನವನ್ನು ಸಹಿಸಿಕೊಂಡಿರುವುದು ಗುಲಾಮರ ಲಕ್ಷಣ ಅನ್ನುತ್ತಾನೆ. ಗುಲಾಮಗಿರಿಯನ್ನೇ ಸರಿ ಅಂದವನು ಅವನು. ಸಹಿಸದೆ ಗುಲಾಮ ಮಾಡುವುದಾದರೂ ಏನು? ನಮ್ಮ ಮೆಷಿನ್ ಹುಡುಗನನ್ನು ಗಿರಾಕಿ ಬೈದರೆ ಅವನು ತಲೆ ತಗ್ಗಿಸುತ್ತಾನೆ. ಅದು ಅವನ ಗುಣದ ಕೊರತೆಯಲ್ಲ, ಸಂಬಳದ ಭಯ. ಆದರೆ ‘ತನ್ನವರಿಗೆ’ ಅನ್ನುವ ಮಾತು ನನಗೆ ತಾಗಿತು. ಈಗ ಅಂಥ ಹೊತ್ತಿನಲ್ಲಿ ಕೌಂಟರಿನಿಂದ ಎದ್ದು ಹೋಗಿ, ‘ನನ್ನ ಹತ್ರ ಮಾತಾಡಿ’ ಅನ್ನುತ್ತೇನೆ.

ಪುಸ್ತಕ ಶುರುಮಾಡಿ ಒಂದೂವರೆ ವರ್ಷವಾಯಿತು. ‘ಎಷ್ಟು ದಿನ’ ಕಾಲಮ್ಮಿನಲ್ಲಿ ಈಗ ಹೆಚ್ಚಾಗಿ ಸೊನ್ನೆ ಇಲ್ಲವೇ ಒಂದು. ಒಂದು ಸಾಲು ಬಿಟ್ಟು. ಅದು ಅಣ್ಣನದು, ಅಪ್ಪನ ಮನೆ ಮಾರಿದಾಗಿನದು. ಅಲ್ಲಿ ದಿನ ಬರೆಯಲಾಗದೆ 11 ವರ್ಷ ಅಂತ ಬರೆದಿದ್ದೇನೆ. ಮೊನ್ನೆ ಫೋನ್ ಮಾಡಿ, ಭಾನುವಾರ ಬರುತ್ತೇನೆ ಅಂದೆ. ‘ಊಟಕ್ಕೇ ಬಾರೋ’ ಅಂದ.