ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವವರಿಗೆ: ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗಿನ ದೂರ ಮತ್ತು ಸಮಯ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ, ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ, ಬರುವ ಕುಟುಂಬಗಳು, ಮನೆ ಮತ್ತು ಮಕ್ಕಳ ಶಾಲೆ ಒಂದು ಹದಕ್ಕೆ ಬಂದ ಕೂಡಲೇ, ಊರಿನಲ್ಲಿರುವ ತಂದೆ-ತಾಯಿಯನ್ನು ಕರೆಸಿಕೊಳ್ಳುವ ವಿಚಾರ ಮಾಡುತ್ತವೆ. ಟಿಕೆಟ್ ತೆಗೆಯುವ ಮುನ್ನ ಪ್ರಯಾಣದ ತಾಸುಗಳನ್ನು ಮನೆಯ ಹೊಸ್ತಿಲಿನಿಂದಲೇ ಎಣಿಸಬೇಕೆಂಬುದು ನಮ್ಮ ಸಂಘದ ಕಳಕಳಿಯ ಸಲಹೆ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಎರಡೂ ಊರುಗಳು ಭೂಗೋಳದ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದರಿಂದ ಈ ದಾರಿ ಉತ್ತರ ಧ್ರುವದ ಕಡೆಗೇ ಏರುತ್ತದೆ. ಈ ಎರಡು ಊರುಗಳ ನಡುವೆ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಧ್ರುವವನ್ನು ಹಾದು, ಸುಮಾರು 17 ತಾಸು ಹಾರಿ ಬೆಂಗಳೂರಿಗೆ ಇಳಿದಾಗ ಅಲ್ಲಿ ಸೋಮವಾರದ ನಸುಕಾಗಿತ್ತು.

ನಡುವೆ ವಿಮಾನ ಬದಲಿಸುವುದಾದರೆ ದೂರವೂ ಬೆಳೆಯುತ್ತದೆ. ದುಬೈ ಮೂಲಕ ಬಂದರೆ ಮೊದಲು 4 ತಾಸು, ಆಮೇಲೆ ಒಂದೇ ಸಮನೆ ಸುಮಾರು 16 ತಾಸು ಕೂರಬೇಕು. ಫ್ರಾಂಕ್‌ಫರ್ಟ್ ಮೂಲಕ ಸುಮಾರು 10 ಮತ್ತು 11-12 ತಾಸಿನ ಎರಡು ಹಂತಗಳಾಗುತ್ತವೆ. ಒಟ್ಟು ದೂರ ತುಸು ಹೆಚ್ಚಾದರೂ, ಮೊಣಕಾಲು ನೋವಿರುವವರಿಗೆ ಪ್ರಯಾಣವನ್ನು ಅರ್ಧಕ್ಕೆ ಮುರಿಯುವ ಈ ದಾರಿಯೇ ಮೇಲೆಂದು ನಮ್ಮ ಅಭಿಪ್ರಾಯ. ಆದರೆ ಟ್ರಾನ್ಸಿಟ್ ವೀಸಾ (ನಡುವಿನ ದೇಶದಲ್ಲಿ ವಿಮಾನ ಬದಲಿಸಲು ಬೇಕಾಗಬಹುದಾದ ಅನುಮತಿ) ನಿಯಮವನ್ನು ಮೊದಲೇ ನೋಡಿಕೊಳ್ಳಿ.

ಟಿಕೆಟ್ಟಿನ ಮೇಲಿನ ವೇಳೆಗಳು ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಭಾರತ ನಮಗಿಂತ ಹದಿಮೂರೂವರೆ ತಾಸು ಮುಂದಿರುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ತಾಸು. ಜನವರಿಯಲ್ಲಿ ಬೆಂಗಳೂರನ್ನು ನಸುಕಿನ 4 ಗಂಟೆಗೆ ಬಿಟ್ಟು ಅದೇ ತಾರೀಖಿನ ಮಧ್ಯಾಹ್ನ 2.30ಕ್ಕೆ ಇಲ್ಲಿ ಇಳಿಯುವ ಪ್ರಯಾಣ ಕಾಗದದ ಮೇಲೆ ಹತ್ತೂವರೆ ತಾಸಿನಂತೆ ಕಂಡರೂ, ನಿಜಕ್ಕೂ ಪೂರ್ತಿ 24 ತಾಸಿನದು. ಸಕ್ಕರೆ ಕಾಯಿಲೆಯವರು ಗುಳಿಗೆ, ಇನ್ಸುಲಿನ್‌ಗಳ ವೇಳೆಯನ್ನು ಈ 24 ತಾಸಿಗೆ ತಕ್ಕಂತೆ ಊರಿನ ವೈದ್ಯರಿಂದಲೇ ಬರೆಸಿಕೊಂಡು, ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಇದಕ್ಕೆ ಊರಿನ ಭಾಗವನ್ನೂ ಕೂಡಿಸಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 410 ಕಿಲೋಮೀಟರ್. ಗದಗಿನವರು ಹುಬ್ಬಳ್ಳಿ ಮುಟ್ಟಲು ಮತ್ತೊಂದು ತಾಸು ಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ವಿಮಾನ ಒಂದು ತಾಸಿನಲ್ಲಿ ಬೆಂಗಳೂರು ಮುಟ್ಟಿಸುತ್ತದೆ, ನಿಜ. ಆದರೆ ಆ ಟಿಕೆಟ್ಟನ್ನು ಬೇರೆಯಾಗಿ ತೆಗೆದಿದ್ದು, ಅದು ತಡವಾಗಿ ಮುಂದಿನ ವಿಮಾನ ತಪ್ಪಿದರೆ ಸಾಮಾನ್ಯವಾಗಿ ಯಾರೂ ಹೊಣೆ ಹೊರುವುದಿಲ್ಲ. ಸಾಮಾನಿನ ತೂಕದ ಮಿತಿಯೂ ಅದರಲ್ಲಿ ಕಡಿಮೆ. ಆದ್ದರಿಂದ ಹಿರಿಯರು ಒಂದು ದಿನ ಮೊದಲೇ, ಧಾರವಾಡದಿಂದ ಹೊರಡುವ ವಂದೇ ಭಾರತ್‌ನಲ್ಲೋ ಬೇರೆ ರೈಲಿನಲ್ಲೋ ಬೆಂಗಳೂರಿಗೆ ಬಂದು, ನೆಂಟರ ಮನೆಯಲ್ಲಿ ಮಲಗೆದ್ದು, ವಿಮಾನಕ್ಕೆ 3 ತಾಸು ಮೊದಲು ದೇವನಹಳ್ಳಿಯ ವಿಮಾನ ನಿಲ್ದಾಣ ಸೇರುವಂತಿರಲಿ.

ಇಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಸಾಮಾನು ಎಂದು ಒಂದೆರಡು ತಾಸು ಹಿಡಿಯಬಹುದು. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಕೇಳಿ, ಕರೆದೊಯ್ಯಲು ಬರುವವರ ಫೋನ್ ನಂಬರ್ ಮತ್ತು ಇಲ್ಲಿನ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಅವರ ಪಾಸ್‌ಪೋರ್ಟಿನ ಜೊತೆ ಇಡಿಸಿರಿ.